ಆಯುಧಗಳ ಸಾಲಿನ ಬೆತ್ತ

ಬಳಗಾನೂರಿನ ಮಾನಪ್ಪ ಬೆತ್ತ ಹಿಡಿದು ಹೊರಟರೆ ನಿಂತು ನೋಡುವ ಹಾಗಿರುತ್ತಿತ್ತು. ಕಾಲು ಗಟ್ಟಿಯಿದ್ದವನಿಗೆ ಬೆತ್ತ ಯಾಕೆ ಎಂದು ಕೇಳುವವರು ಶೋಕಿ ಅರಿಯದವರು. ಹೈದರಾಬಾದಿನಿಂದ ತರಿಸಿದ ಮಾಲು. ಹಿಡಿಗೆ ಬೆಳ್ಳಿಯ ಗುಂಡು, ತುದಿಗೆ ಬಳೆಯಂತೆ ತೊಡಿಸಿದ ಹಿತ್ತಾಳೆಯ ಅಣಸು. ಮಸ್ಕಿ ಸಂತೆಯಲ್ಲಿ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆಯುವನು. ಲಿಂಗಸುಗೂರಿನ ಬೀಗರ ಮನೆಗೆ ಹೋದರೆ ಎಲ್ಲರ ಕಣ್ಣಿಗೆ ಬೀಳುವಂತೆ ಗೋಡೆಗೆ ಆನಿಸಿಡುವನು. ನೆಲಕ್ಕೆ ಊರಿದ್ದು ಮಾತ್ರ ಕಡಿಮೆ. ಅಣಸು ಸವೆದೀತಲ್ಲ!

"ಅಂಥಾ ಬೆತ್ತ ಕೈಯಾಗಿದ್ರೂ ಒಂದಿನಾನೂ ಯಾರ ಮ್ಯಾಲೂ ಎತ್ತಲಿಲ್ಲ ನೋಡು" ಎಂದು ಊರು ಹೊಗಳುತ್ತಿತ್ತು. ಊರಿಗೆ ಗೊತ್ತಿದ್ದದ್ದು ಬೀದಿಯ ಸಂಗತಿ. ಮನೆಯೊಳಗಿನದು ಹೆಂಡತಿ ಯಮನೂರಮ್ಮನ ಬೆನ್ನಿಗೆ ಗೊತ್ತಿತ್ತು. ಪ್ರತಿ ವರ್ಷ ಆಯುಧಪೂಜೆಯ ದಿನ ಮಾನಪ್ಪ ಕುಡಗೋಲು, ಕೊಡಲಿ, ಕುಂಟೆಗಳ ಸಾಲಿನಲ್ಲಿ ಬೆತ್ತವನ್ನೂ ಇಡುತ್ತಿದ್ದ. ಅದಕ್ಕೆ ಕುಂಕುಮ ಹಚ್ಚಿ ಕೈಮುಗಿಯುವ ಕೆಲಸ ಯಮನೂರಮ್ಮನದು. ಶೋಕಿಯ ಸಾಮಾನು ಆಯುಧಗಳ ಸಾಲಿನಲ್ಲಿ ಯಾಕೆ ಕೂತಿದೆ ಎಂದು ಬಂದ ನೆಂಟರಲ್ಲಿ ಒಬ್ಬರಾದರೂ ಕೇಳಬಾರದೇ? ಊದಿನಕಡ್ಡಿಯ ಹೊಗೆ ಕಣ್ಣಿಗೆ ಅಡ್ಡ ಬರುತ್ತಿತ್ತೋ ಏನೋ. ಎಲ್ಲರೂ ಹೋಳಿಗೆ ಉಂಡು ಹೋಗುತ್ತಿದ್ದರು.

ಮಾನಪ್ಪ ತೀರಿಕೊಂಡ ಮೇಲೆ ಬೆತ್ತ ಗೂಟ ಸೇರಿತು. ಗದ್ದೆಯ ಬದುವಿನಲ್ಲಿ ಜಾರಿ ಬಿದ್ದು ಮೊಣಕಾಲು ಕೆಡಿಸಿಕೊಂಡ ಯಮನೂರಮ್ಮ ಜಾಲಿಯ ಕೋಲು ಊರಿಕೊಂಡು ಓಡಾಡಿದಳೇ ಹೊರತು ಆ ಗೂಟದ ಕಡೆ ಕೈ ಚಾಚಲಿಲ್ಲ.

ಎಂಬತ್ತೇಳನೇ ಇಸವಿಯಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ಬಂತು. ಮಗ ಬಸ್ಸಪ್ಪ ನಿಂತ. ನಿಂತವನಿಗೆ ಅಪ್ಪನ ಗತ್ತು ಬೇಕಾಯಿತು. ಒಂದು ಸಂಜೆ ಬೆತ್ತ ಇಳಿಸಿ, ಎಣ್ಣೆ ಹಚ್ಚಿ ಒರೆಸಿ, ಕಂಕುಳಲ್ಲಿ ಸಿಕ್ಕಿಸಿಕೊಂಡು ಕನ್ನಡಿ ನೋಡಿಕೊಂಡ. ಅಷ್ಟರಲ್ಲಿ ಹೆಂಡತಿ ಶೇಖಮ್ಮ ಚಹಾ ತಂದಳು.

"ಒಂದ್ ಕಪ್ ಚಾಕ್ಕ ಇಷ್ಟೊತ್ತೇನ ನಿನಗ?" ಎಂದು ಬಸ್ಸಪ್ಪ ಬೆತ್ತದ ತುದಿಯನ್ನು ಅವಳ ಕಡೆ ಮಾಡಿದ.

ಹೊಡೆಯಲಿಲ್ಲ, ಮುಟ್ಟಿಸಲೂ ಇಲ್ಲ. ಆದರೆ ಶೇಖಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಮೂಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಯಮನೂರಮ್ಮನ ಕೈ ಮೊರದಲ್ಲೇ ನಿಂತಿತು. ಆ ಹೆಜ್ಜೆ ಅವಳಿಗೆ ಗೊತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ತಾನೂ ಹೀಗೇ ಸರಿದಿದ್ದಳು. ಆಮೇಲೆ ಸರಿಯಲು ಗೋಡೆ ಬಿಡಲಿಲ್ಲ. ಹೆತ್ತ ಮಗನ ಕೈ ನೋಡಿ ಅವಳಿಗೆ ಹೆದರಿಕೆಯಾಯಿತು.

ಮರುದಿನ ಮಗ ಹೊಲಕ್ಕೆ ಹೋದದ್ದೇ ತಡ, ಬೆತ್ತವನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಸಿಂಧನೂರಿನ ಬಸ್ಸು ಹತ್ತಿದಳು. ಬಡಗಿ ದಾದೇಸಾಬನ ಮುಂದೆ ಬಿಚ್ಚಿಟ್ಟು, "ನನ್ನ ಎತ್ತರಕ್ಕ ಕೊಯ್ದು ಕೊಡಪಾ" ಎಂದಳು.

"ತೋಬಾ ತೋಬಾ! ಇಂಥಾ ಮಾಲು ಈಗ ಎಲ್ಲಿ ಸಿಗತೈತ್ರಿ ಅಮ್ಮಾರ?" ಎಂದ ದಾದೇಸಾಬ. "ನಿಮಗ ಊರಾಕ ಬ್ಯಾರೆ ಕೋಲು ಮಾಡಿಕೊಡ್ತೀನಿ. ಇದು ಮಾನಪ್ಪನೋರ ಬೆತ್ತ. ಒಂದಿನಾನೂ ಯಾರ ಮ್ಯಾಲೂ ಎತ್ತಿಲ್ಲ ಅವರು."

"ನನ್ನ ಮ್ಯಾಲ ಎತ್ಯಾರ" ಎಂದಳು ಯಮನೂರಮ್ಮ.

ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಆಡಿದ ಮಾತು. ಇಷ್ಟು ಚಿಕ್ಕದಿತ್ತೇ ಎಂದು ಅವಳಿಗೇ ಸೋಜಿಗವಾಯಿತು. ದಾದೇಸಾಬ ಬೆತ್ತವನ್ನು ತನ್ನ ಮುಂದಿನಿಂದ ಸರಿಸಿದ. "ಹಂಗಿದ್ರ ಒಲಿಗೆ ಹಾಕ್ರಿ" ಎಂದ.

"ಸುಟ್ರ ನನ್ ಮಗ ಇನ್ನೊಂದು ತರತಾನ. ನಾ ಹಿಡದ್ರ ಅವನಿಗೆ ದಿನಾ ಕಣ್ಣಿಗೆ ಬೀಳತೈತಿ. ಇಷ್ಟು ವರ್ಷ ನನ್ನ ಬಡದೈತಿ, ಇನ್ನ ನನ್ನ ಭಾರ ಹೊರಲಿ."

ದಾದೇಸಾಬ ಅವಳನ್ನು ನೆಟ್ಟಗೆ ನಿಲ್ಲಿಸಿ, ಮಣಿಕಟ್ಟಿನ ಮಟ್ಟಕ್ಕೆ ಗುರುತು ಹಾಕಿ ಗರಗಸ ಆಡಿಸಿದ. ಹಳೆಯ ಅಣಸು ಹೊಸ ತುದಿಗೆ ಕೂಡಲಿಲ್ಲ. ಜಾರದಿರಲೆಂದು ರಬ್ಬರಿನ ಬೂಚು ಹಾಕಿಕೊಟ್ಟ.

ಅವಳು ಊರಿಗೆ ಬಂದಾಗ ಬಸ್ಸಪ್ಪ ಮನೆಯ ಕಟ್ಟೆಯ ಮೇಲೆ ತನ್ನ ಕಡೆಯವರೊಂದಿಗೆ ಚುನಾವಣೆಯ ಮಾತಿನಲ್ಲಿದ್ದ. ಮೋಟಾದ ಬೆತ್ತ ಊರಿಕೊಂಡು ಬರುತ್ತಿದ್ದ ತಾಯಿಯನ್ನು ಕಂಡು ಧಡಕ್ಕನೆ ಎದ್ದ.

"ಏನ್ ಮಾಡ್ಕೊಂಡು ಬಂದೀಬೇ! ಅಪ್ಪನ ಬೆತ್ತ ಅದು! ಯಾರನ್ನ ಕೇಳಿ ಕೊಯ್ಸಿದಿ?"

"ನಿಮ್ಮಪ್ಪ ಇದನ್ನ ನನ್ನ ಮ್ಯಾಲ ಎತ್ತಿದಾಗೆಲ್ಲ ನೀ ಒಳಗಿನ ಖೋಲ್ಯಾಗ ಕಿವಿ ಮುಚ್ಚಿಕೊಂಡು ಕುಂದರತಿದ್ದಿ. ನಿನ್ನ ಕೇಳಬೇಕಿತ್ತೇನು?"

ಕಟ್ಟೆಯ ಮೇಲಿದ್ದವರಿಗೆ ಒಮ್ಮೆಲೇ ತಮ್ಮ ತಮ್ಮ ಮನೆಯ ಕೆಲಸ ನೆನಪಾಯಿತು. ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಟರು. ಬಸ್ಸಪ್ಪ ಕಟ್ಟೆಯಿಳಿದು ತಾಯಿಯ ಮುಂದೆ ನಿಂತ. ಬೆತ್ತದ ಮೇಲಿದ್ದ ಅವಳ ಕೈಯನ್ನೇ ನೋಡುತ್ತ, ತಗ್ಗಿದ ದನಿಯಲ್ಲಿ ಕೇಳಿದ:

"ಭಾಳ ನೋವಾಗತಿತ್ತೇನಬೇ?"

ಇಷ್ಟು ವರ್ಷ ಕಾದರೂ ಬಾರದಿದ್ದ ಪ್ರಶ್ನೆ. ಯಮನೂರಮ್ಮ ಅಳಬಹುದಿತ್ತು, ಮಗನ ತಲೆ ಸವರಬಹುದಿತ್ತು. ಸವರಿದರೆ ಎಲ್ಲ ಅಲ್ಲಿಗೇ ಮುಗಿದುಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ನಂದು ಆಗಿಹೋತು. ನಿನ್ ಹೆಂಡ್ತೀನ ಕೇಳು ಹೋಗು, ನಿನ್ನೆ ಯಾಕ ಹಿಂದ ಸರದಿ ಅಂತ."

ಶೇಖಮ್ಮ ಬಾಗಿಲಲ್ಲೇ ನಿಂತಿದ್ದಳು. ಬಸ್ಸಪ್ಪ ಅವಳ ಕಡೆ ತಿರುಗಿ ಒಂದು ಹೆಜ್ಜೆ ಇಟ್ಟ. ಅವನ ಕೈಯಲ್ಲಿ ಏನೂ ಇರಲಿಲ್ಲ. ಆದರೂ ಅವಳು ಹಿಂದೆ ಸರಿದಳು. ಈ ಸಲ ಬಸ್ಸಪ್ಪ ಅದನ್ನು ಕಂಡ.