ಮುಚ್ಚಿದ ಡ್ರೈವರ್

ಲ್ಯಾಪ್‌ಟಾಪಿನ ತೆರೆಯ ಮೇಲೆ ಕ್ಲಿನಿಕ್ಕಿನ ಚಿತ್ರ ಮತ್ತೆ ನಿಂತುಹೋಯಿತು. ಡಾಕ್ಟರ ಬಾಯಿ ತೆರೆದಂತೆಯೇ ಇತ್ತು. ಅವರ ಪಕ್ಕದಲ್ಲಿ ಕುಳಿತ ಬಸುರಿ ದರ್ಜಿ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅವಳಿಗೆ ಕಿವಿ ಕೇಳಿಸದು, ಓದಲೂ ಬಾರದು. ಮಗುವಿನ ಎದೆ ಬಡಿಯುತ್ತಿದೆಯೇ ಎಂದು ಕೈಸನ್ನೆಯಲ್ಲಿ ಕೇಳಿದ್ದಳು. ಚೆನ್ನಾಗಿ ಬಡಿಯುತ್ತಿದೆ ಎಂದು ಡಾಕ್ಟರು ಹೇಳಿದ್ದನ್ನು ಅಕ್ಕ ಸನ್ನೆಗೆ ಇಳಿಸುವಷ್ಟರಲ್ಲಿ ವೈಫೈ ಕೈಕೊಟ್ಟಿತು.

ಮಾತನ್ನು ಸನ್ನೆಗೆ, ಸನ್ನೆಯನ್ನು ಮಾತಿಗೆ ತಿರುಗಿಸುವುದು ಅಕ್ಕನ ಕಸುಬು. ಮನೆಯ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಮಾಡುತ್ತಿದ್ದಳು. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವನು ತಮ್ಮ. ಅದರ ವೈಫೈ ಓಡಿಸುವ ತಂತ್ರಾಂಶಗಳು, ಅಂದರೆ ಡ್ರೈವರುಗಳು, ಎರಡಿದ್ದವು. ಒಂದು ಚಿಪ್ ಮಾಡಿದ ಕಂಪನಿಯದು, ಒಳಗೇನಿದೆಯೆಂದು ಯಾರೂ ನೋಡುವಂತಿಲ್ಲ. ಇನ್ನೊಂದು ಹವ್ಯಾಸಿಗಳು ತಡಕಾಡಿ ಬರೆದದ್ದು, ಪ್ರತಿ ಸಾಲೂ ಎಲ್ಲರಿಗೂ ಮುಕ್ತ. ತಮ್ಮನ ನಿಷ್ಠೆ ಎರಡನೆಯದಕ್ಕೆ. ಅದೋ ಮನಸ್ಸಿದ್ದಾಗ ಓಡುತ್ತಿತ್ತು, ಇಲ್ಲದಾಗ ಮುನಿಸಿಕೊಂಡು ಕೂರುತ್ತಿತ್ತು.

ಫೋನ್ ಬಡಿದುಕೊಂಡಿತು. ಕ್ಲಿನಿಕ್ಕಿನ ನರ್ಸು.

"ಏನ್ ಹೇಳಿದ್ರಿ ಮೇಡಂ ಇವ್ರಿಗೆ? ಇಲ್ಲಿ ನಿಮ್ಮ ಮುಖ ಹುಬ್ಬು ಗಂಟಿಕ್ಕಿಕೊಂಡು ಹಾಗೇ ನಿಂತ್ಬಿಟ್ಟಿದೆ. ಅದನ್ನ ನೋಡಿ ಅಳ್ತಿದಾರೆ. ಎಲ್ಲಾ ಸರಿಯಾಗಿದೆ ಅಂತ ನಾನು ಕೈ ಆಡಿಸಿ ತೋರಿಸಿದ್ರೂ ನಂಬ್ತಿಲ್ಲ."

ಅಕ್ಕನಿಗೆ ಮೈಯೆಲ್ಲ ಉರಿಯಿತು. ಮನೆಯಿದ್ದ ಗಲ್ಲಿಯಲ್ಲಿ ಫೋನಿಗೆ ಮಾತಾಡುವಷ್ಟು ಸಿಗ್ನಲ್ ಸಿಕ್ಕರೆ ಪುಣ್ಯ, ವಿಡಿಯೊ ದೂರದ ಮಾತು.

"ಏಯ್, ಬಾರೋ ಇಲ್ಲಿ! ಕಂಪನಿ ಡ್ರೈವರ್ ಹಾಕು. ಈಗಲೇ."

ತಮ್ಮ ಬಾಗಿಲಲ್ಲೇ ನಿಂತ. "ಅದರೊಳಗೆ ಏನಿದೆ ಅಂತ ಯಾರಿಗಕ್ಕಾ ಗೊತ್ತು? ಹೋದ ಸಲ ಅಪ್‌ಡೇಟ್ ಆದಾಗ ಕೆಟ್ಟು ಕೂತಿದ್ದು ಅದೇ ಅಲ್ವಾ? ಕಂಪನಿಯವ್ರು ಸರಿಯಾಗಿ ವಿವರ ಕೊಟ್ಟಿದ್ರೆ ಇದೂ ಚೆನ್ನಾಗೇ ಓಡ್ತಿತ್ತು. ಬೈಯೋದಿದ್ರೆ ಅವ್ರನ್ನ ಬೈ."

"ಅವ್ರನ್ನ ಆಮೇಲೆ ಬೈತೀನಿ. ತನ್ನ ಹೊಟ್ಟೇಲಿ ಏನಾಗ್ತಿದೆ ಅಂತ ಅವಳಿಗೂ ಗೊತ್ತಿಲ್ಲ ಕಣೋ! ಹೇಳ್ಬೇಕಾದವಳು ನಾನು ಇಲ್ಲಿ ಬೊಂಬೆ ಥರ ಕೂತಿದೀನಿ. ನಿನ್ನ ಹಟಕ್ಕೆ ಅವಳು ಯಾಕೆ ಅಳ್ಬೇಕು?"

ತಮ್ಮ ತಲೆ ತಗ್ಗಿಸಿ ಜೇಬಿನಿಂದ ಪೆನ್‌ಡ್ರೈವ್ ತೆಗೆದ. "ಕಂಪನಿಯವ್ರದನ್ನ ಸರಿಮಾಡಿರೋದು ಬಂದಿದೆ. ಇದರಲ್ಲಿದೆ."

"ಯಾವಾಗ ಬಂತು?"

"ಹೋದ ತಿಂಗಳು."

ಕೈಯೆತ್ತುವಷ್ಟು ಸಿಟ್ಟು ಬಂತು ಅವಳಿಗೆ. ತಿಂಗಳಿಡೀ ತಾನು ರೋಗಿಗಳ ಕ್ಷಮೆ ಕೇಳುತ್ತಿದ್ದಾಗ ಪರಿಹಾರ ಇವನ ಜೇಬಿನಲ್ಲಿ ತಿರುಗಾಡುತ್ತಿತ್ತು! ಪೆನ್‌ಡ್ರೈವ್ ಕಸಿದು ತಾನೇ ಚುಚ್ಚಿದಳು. ಅವನು ಬಗ್ಗಿ ಕಮಾಂಡ್ ಹೊಡೆದ. ಅಕ್ಷರಗಳ ಸಾಲು ಓಡಿ ನಿಂತಿತು.

"ಈ ಸಲಕ್ಕೆ ಮಾತ್ರ," ಎಂದ, ಲ್ಯಾಪ್‌ಟಾಪ್ ಮತ್ತೆ ಶುರುವಾಗುವಾಗ.

"ನಾನು ಕೆಲಸ ಮಾಡೋವರೆಗೂ. ಇದು ನನ್ನ ಮೇಜು."

ಚಿತ್ರ ಬಂತು. ದರ್ಜಿಯ ಕಣ್ಣುಗಳು ಊದಿಕೊಂಡಿದ್ದವು. ಅಕ್ಕ ಕೈಯೆತ್ತಿದಳು, ಅವಳು ಕೈ ನೋಡಲೇ ಇಲ್ಲ, ಮುಖವನ್ನೇ ಹುಡುಕಿದಳು. ಅಲ್ಲಿದ್ದದ್ದು ತಮ್ಮನ ಮೇಲಿನ ಸಿಟ್ಟು. ದರ್ಜಿಯ ತುಟಿ ಮತ್ತೆ ನಡುಗಿತು.

ಅಕ್ಕ ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡಳು. ಸಿಟ್ಟು ಹೋಗಲಿಲ್ಲ. ಆದರೂ ನಕ್ಕಳು, ಕಣ್ಣಲ್ಲೂ ನಕ್ಕಳು. ಎದೆಯ ಬಳಿ ಮುಷ್ಟಿ ಬಿಚ್ಚಿ ಮುಚ್ಚಿ ತೋರಿಸಿದಳು: ಬಡಿಯುತ್ತಿದೆ.

ಇನ್ನೊಮ್ಮೆ, ಎಂದಳು ದರ್ಜಿ ಸನ್ನೆಯಲ್ಲಿ. ಅಕ್ಕ ಇನ್ನೊಮ್ಮೆ ತೋರಿಸಿದಳು.

ಅತ್ತ ನರ್ಸು ಮುಂದಿನವರನ್ನು ಕೂಗಿದಳು. ದರ್ಜಿ ಏಳಲಿಲ್ಲ. ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಮುಷ್ಟಿಯನ್ನು ಅಕ್ಕನ ಮುಷ್ಟಿಯ ಜೊತೆಜೊತೆಗೇ ಬಿಚ್ಚಿ ಮುಚ್ಚಿದಳು. ಅಕ್ಕ ಕೈ ಇಳಿಸಿದ ಮೇಲೂ ಬಿಚ್ಚಿ ಮುಚ್ಚುತ್ತಲೇ ಇದ್ದಳು.