ಅಪ್ಪನ ನೋಡೋಣ

ದೇಶದ ಅಧ್ಯಕ್ಷರು ವರ್ಷಕ್ಕೊಮ್ಮೆ ಟೀವಿಯಲ್ಲಿ ಬಂದು ಜನರನ್ನುದ್ದೇಶಿಸಿ ಭಾಷಣ ಮಾಡುವಾಗ, ಪರದೆಯ ಮೂಲೆಯ ದುಂಡು ಚೌಕಟ್ಟಿನೊಳಗೆ ಒಬ್ಬ ಹೆಂಗಸು ಕೈಯಾಡಿಸುತ್ತ ನಿಂತಿರುತ್ತಾಳೆ. ಕಿವಿ ಕೇಳದವರಿಗಾಗಿ ಮಾತನ್ನು ಸನ್ನೆಗೆ ಇಳಿಸುವ ಕೆಲಸ ಅವಳದು. ಎಷ್ಟೋ ವರ್ಷದಿಂದ ಅದೇ ಕರಿ ಅಂಗಿ, ಅದೇ ಮೂಲೆ, ಹೆಚ್ಚುಕಮ್ಮಿ ಅದೇ ಭಾಷಣ. ಹೇಳಿ ಹೇಳಿ ಅಧ್ಯಕ್ಷರಿಗೆ ಬೇಸರವಾಗಿರಲಿಲ್ಲ. ಇವಳ ತೋಳುಗಳು ಮಾತ್ರ ಸೋತುಹೋಗಿದ್ದವು.

ಈ ಸಲ ಮನಸ್ಸೂ ಸೋತಿತ್ತು. ಹುಟ್ಟಿನಿಂದ ಕಿವಿ ಕೇಳದ ತಮ್ಮ, ನೂಲಿನ ಗಿರಣಿ ಮುಚ್ಚಿದಂದಿನಿಂದ ಮನೆಯಲ್ಲಿ ಕೂತಿದ್ದ. ದೂರದ ಊರಿನ ಚಿಕ್ಕಪ್ಪ ತಮ್ಮದೇ ಪ್ರೆಸ್ಸಿನಲ್ಲಿ ಅವನಿಗೊಂದು ಕೆಲಸ ಹಿಡಿದಿಟ್ಟು, "ಇವತ್ತೇ ಹೇಳಿಬಿಡಿ, ಇಲ್ಲಾಂದ್ರೆ ಬೇರೆಯವರನ್ನ ಇಟ್ಕೊಳ್ತೀನಿ" ಎಂದಿದ್ದರು. ಬೆಳಿಗ್ಗೆ ತಮ್ಮ ಸನ್ನೆಯಲ್ಲೇ ಕಡ್ಡಿ ಮುರಿದ ಹಾಗೆ ಹೇಳಿದ್ದ: "ಮೊದಲು ಭಾಷಣ ನೋಡ್ತೀನಿ. ಗಿರಣಿ ತೆರೀತೀವಿ ಅಂದ್ರೆ ನಾನು ಎಲ್ಲಿಗೂ ಹೋಗಲ್ಲ."

"ಹೋದ ವರ್ಷವೂ ಅಂದಿದ್ರಲ್ಲೋ."

"ಹೋದ ವರ್ಷ ಎಷ್ಟು ಚೆನ್ನಾಗಿ ಹೇಳಿದ್ದೆ ನೀನು! ನಂಬಿಕೆ ಬಂತು."

ಪಾಪ, ಅವನು ನಂಬಿದ್ದು ಅಕ್ಕನ ಕೈಯನ್ನು. ಆ ಮಾತು ಸ್ಟುಡಿಯೋದ ತನಕ ಅವಳನ್ನು ಚುಚ್ಚುತ್ತ ಬಂತು.

ಭಾಷಣ ಮುಗಿಯುವ ಲಕ್ಷಣವೇ ಇರಲಿಲ್ಲ. ಕೊನೆಗೆ ಅಧ್ಯಕ್ಷರು ನೀರು ಕುಡಿದು, "ಮುಚ್ಚಿದ ಗಿರಣಿಗಳು ಅತಿ ಶೀಘ್ರದಲ್ಲೇ ಬಾಗಿಲು ತೆರೆಯಲಿವೆ" ಎಂದರು. 'ಶೀಘ್ರ'ದ ಸನ್ನೆಯನ್ನು ಅವಳು ನಿದ್ದೆಯಲ್ಲೂ ಮಾಡಬಲ್ಲಳು. ಆದರೆ ಕೈ ಕಿವಿಯ ಬಳಿ ಹೋಗಿ, ಸುಮ್ಮನೆ ಎರಡು ಸಲ ತಿರುಗಿತು.

ಅದು ಯಾವ ಪುಸ್ತಕದಲ್ಲೂ ಇಲ್ಲದ, ಅವರ ಮನೆಯೊಳಗಿನ ಸನ್ನೆ. ತೀರಿಕೊಂಡ ಅಪ್ಪನದು. ಸೈಕಲ್ ಕೊಡಿಸು ಎಂದು ತಮ್ಮ ದುಂಬಾಲು ಬಿದ್ದಾಗಲೆಲ್ಲ ಅಪ್ಪ ಕಿವಿಯ ಬಳಿ ಹೀಗೇ ಕೈ ತಿರುಗಿಸುತ್ತಿದ್ದರು: ನೋಡೋಣ. ಸೈಕಲ್ ಬರಲೇ ಇಲ್ಲ. ಅಪ್ಪನ 'ನೋಡೋಣ' ಎಂದರೆ 'ಇಲ್ಲ' ಎಂದು ಅಕ್ಕ ತಮ್ಮ ಇಬ್ಬರಿಗೂ ಚಿಕ್ಕಂದಿನಲ್ಲೇ ಅರ್ಥವಾಗಿತ್ತು.

ನೇರ ಪ್ರಸಾರ, ಒರೆಸಿ ಮತ್ತೆ ಬರೆಯಲು ಇದೇನು ಸ್ಲೇಟೇ? ಅಧ್ಯಕ್ಷರು ಅಷ್ಟರಲ್ಲಿ ರಸ್ತೆಗಳ ವಿಷಯಕ್ಕೆ ಬಂದಿದ್ದರು. ಇವಳೂ ಎದ್ದು ಬಿದ್ದು ಅವರ ಹಿಂದೆ ಓಡಿದಳು.

ಮುಗಿದ ಮೇಲೆ ಮೇಲ್ವಿಚಾರಕ ಎಂದಿನಂತೆ ಅವಳತ್ತ ನೋಡದೆಯೇ "ಚೆನ್ನಾಗಿತ್ತಮ್ಮ" ಎಂದ. ಕಿವಿ ಕೇಳದ ಗೆಳತಿಯೊಬ್ಬಳು ಮೊಬೈಲಿಗೆ ಬರೆದಿದ್ದಳು: "ಮಧ್ಯದಲ್ಲಿ ಸೊಳ್ಳೆ ಕಾಟವೇನೇ?" ಬೇರೆ ದಿನವಾಗಿದ್ದರೆ ನಗುತ್ತಿದ್ದಳು.

ತಮ್ಮ ಜಗಳಕ್ಕೆ ಕಾದು ಕೂತಿರುತ್ತಾನೆ ಎಂದುಕೊಂಡೇ ಮನೆಯ ಬಾಗಿಲು ತಳ್ಳಿದಳು. ಅವನು ಬಟ್ಟೆ ತುಂಬಿದ ಚೀಲದ ಜಿಪ್ಪು ಎಳೆಯುತ್ತಿದ್ದ. ಕಣ್ಣು ಕೆಂಪಗಿತ್ತು.

"ಚಿಕ್ಕಪ್ಪನಿಗೆ ಬರ್ತೀನಿ ಅಂತ ಮೆಸೇಜ್ ಹಾಕಿದೆ" ಎಂದು ಸನ್ನೆ ಮಾಡಿದ. ಕಿವಿಯ ಬಳಿ ಎರಡು ಸಲ ಕೈ ತಿರುಗಿಸಿ ತೋರಿಸಿ ಕೇಳಿದ, "ಇದನ್ನ ಹೋದ ವರ್ಷವೇ ಹೇಳಬಾರದಿತ್ತಾ ಅಕ್ಕಾ?"

ಒಂದು ವರ್ಷ ಅವನನ್ನು ಮನೆಯಲ್ಲಿ ಕೂರಿಸಿದ್ದು ತನ್ನ ಚೆಂದದ ಕೈಗಳೇ.

"ರಜೆ ಸಿಕ್ಕಾಗ ನನ್ನ ನೋಡೋಕೆ ಬರ್ತೀಯಾ?" ಎಂದು ಅವನು ಮತ್ತೆ ಕೇಳಿದ.

ದಣಿದ ಕೈ ಹೇಳದೆ ಕೇಳದೆ ಕಿವಿಯತ್ತ ಎದ್ದಿತು. ತಮ್ಮ ಅದನ್ನೇ ನೋಡುತ್ತಿದ್ದ. ಅವಳು ಇನ್ನೊಂದು ಕೈಯಿಂದ ಅದನ್ನು ಹಿಡಿದು ಕೆಳಗಿಳಿಸಿದಳು. ಆಮೇಲೆ, ಎರಡೂ ಕೈಯಲ್ಲಿ, "ಬರ್ತೀನಿ" ಎಂದಳು.