ಮುಚ್ಚಳ ತೆಗೆಯದ ಮಿಲ್ಲಿನಕ್ಕ

ಮಿಲ್ಲಿನಕ್ಕ ಮನೆಯೊಳಗೆ ನಡೆಯುವುದನ್ನು ಮೊದಲ ಸಲ ನೋಡಿದವರಿಗೆ, ಕಳೆದುಹೋದ ಏನನ್ನೋ ಹುಡುಕುತ್ತಿದ್ದಾಳೆ ಅನ್ನಿಸುತ್ತಿತ್ತು. ಗಂಡ ತೀರಿದ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದಿದ್ದ ಎರಡು ಕೋಣೆಯ ಬಾಡಿಗೆ ಮನೆ. ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಹಾಸಿಗೆ ಹಿಡಿದ ಅತ್ತೆಯ ಮಂಚ, ನಡುವೆ ಹನ್ನೆರಡು ಹೆಜ್ಜೆ. ಆ ಹನ್ನೆರಡು ಹೆಜ್ಜೆಯನ್ನು ಅವಳು ಬೆಳಗಿನಿಂದ ಸಂಜೆಯವರೆಗೆ, ಆತುರವಿಲ್ಲದೆ, ನಿಲ್ಲದೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಣ್ಣು ಹಾಯಿಸುತ್ತ ನಡೆಯುತ್ತಿದ್ದಳು. ಮೂವತ್ತೊಂದು ವರ್ಷ ನೂಲಿನ ಗಿರಣಿಯಲ್ಲಿ, ಎರಡು ಸಾಲು ಯಂತ್ರಗಳ ನಡುವಿನ ಓಣಿಯಲ್ಲಿ, ಎಳೆ ಎಲ್ಲಿ ಕಡಿಯಿತೆಂದು ನೋಡುತ್ತ, ಕಡಿದಲ್ಲಿ ಬೆರಳ ತುದಿಯಿಂದ ಹೊಸೆದು ಸೇರಿಸುತ್ತ ನಡೆದ ಕಾಲು ಅದು. ಅವಳು ಗಿರಣಿ ಬಿಟ್ಟು ಬಂದಿದ್ದರೂ ಗಿರಣಿಯ ನಡಿಗೆ ಅವಳನ್ನು ಬಿಟ್ಟಿರಲಿಲ್ಲ. ಗಿರಣಿಯವರು ಕೊಟ್ಟಿದ್ದ ನೀಲಿ ಮೇಲಂಗಿಯೂ ಹಾಗೆಯೇ. ಮೊಣಕೈಯಲ್ಲಿ ಸವೆದು ಬಿಳಿಚಿಕೊಂಡಿದ್ದ ಅದನ್ನು ಸೀರೆಯ ಮೇಲೆ ತೊಟ್ಟೇ ಅಡುಗೆಗೆ ನಿಲ್ಲುತ್ತಿದ್ದಳು. ಒಂದು ಕಾಲದಲ್ಲಿ ಕಡಿದ ಎಳೆಗಳ ಸಿಕ್ಕನ್ನು ತುರುಕಿಕೊಳ್ಳುತ್ತಿದ್ದ ಬಲ ಜೇಬಿಗೆ ಈಗ ಹುರುಳಿಕಾಯಿಯ ನಾರು ಹೋಗುತ್ತಿತ್ತು.

ನಾನು ಅದೇ ಮನೆಯ ಮೇಲಿನ ಒಂಟಿ ಕೋಣೆಯಲ್ಲಿದ್ದೆ, ಎರಡು ಬೀದಿ ಆಚೆಯ ಶಾಲೆಯಲ್ಲಿ ಮೇಷ್ಟ್ರು. ಹಳ್ಳಿಯಲ್ಲಿ ಅವ್ವ ಅಡುಗೆ ಮಾಡುವಾಗ ಅಡುಗೆಮನೆ ಹೊಸಿಲಿನ ಮೇಲೆ ಕೂತು ಓದಿಯೇ ನಾನು ನಮ್ಮ ಮನೆತನದ ಮೊದಲ ಪದವಿ ಪಡೆದದ್ದು. ಆ ಅಭ್ಯಾಸಕ್ಕೋ ಏನೋ, ಭಾನುವಾರಗಳಂದು ಉತ್ತರಪತ್ರಿಕೆಗಳ ಕಟ್ಟು ಹಿಡಿದು ಕೆಳಗಿಳಿದು ಅವಳ ಹೊಸಿಲಿನ ಮೇಲೆ ಕೂರುತ್ತಿದ್ದೆ. ಭಾನುವಾರ ಹುರುಳಿಕಾಯಿಯ ದಿನ.

ಅವಳು ಮಾತಾಡುವಾಗ ಎದುರಿನವರ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ತುಟಿಗಳನ್ನು ಅಗಲವಾಗಿ, ಒಂದೊಂದು ಅಕ್ಷರಕ್ಕೂ ಅದರದ್ದೇ ಆಕಾರ ಕೊಟ್ಟು ಬಿಡಿಸುತ್ತಿದ್ದಳು. "ಮಿಲ್ಲೊಳಗೆ ಕಿವಿ ಯಾರಿಗೆ ಬೇಕು ಮೇಷ್ಟ್ರೇ, ಎಲ್ಲಾ ತುಟಿ ನೋಡಿಯೇ ಮಾತು. ಮೇಸ್ತ್ರಿ ಆ ತುದೀಲಿ ನಿಂತು ಗೊಣಗಿದ್ರೂ ನಮಗೆ ಗೊತ್ತಾಗೋದು, ನಮ್ಮಪ್ಪನ್ನ ಬೈದ್ನೋ ನಮ್ಮ ತಾತನ್ನ ಬೈದ್ನೋ ಅಂತ!" ಎಂದು ನಗುತ್ತಿದ್ದಳು. ಬೆನ್ನ ಹಿಂದಿನಿಂದ ಕರೆದರೆ ಮಾತ್ರ ತಿರುಗುತ್ತಿರಲಿಲ್ಲ. ಕೆಲಸದಲ್ಲಿ ಮುಳುಗಿದವರಿಗೆ ಬರುವ ಗಾಂಭೀರ್ಯ ಅದು ಎಂದು ನಾನು ಗೌರವದಿಂದ ತಿಳಿದುಕೊಂಡಿದ್ದೆ.

ಹುರುಳಿಕಾಯಿ ಬೇಯಿಸುವ ವಿದ್ಯೆ ಅತ್ತೆಯಿಂದ ಬಂದದ್ದು. ಚಾಕು ತಾಗಿಸಬಾರದು, ತೊಟ್ಟು ಮುರಿದು, ನಾರನ್ನು ತುದಿಯಿಂದ ತುದಿಗೆ ಎಳೆದು, ಕೈಯಿಂದಲೇ ಬೆರಳುದ್ದ ಮುರಿಯಬೇಕು. ಎಣ್ಣೆ, ಈರುಳ್ಳಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಉಪ್ಪು. ಪಾತ್ರೆಗೆ ಒಂದು ತೊಟ್ಟು ನೀರೂ ಬೇಡ. ಬಾಯಿಗೆ ತಟ್ಟೆ ಮುಚ್ಚಿ ಆ ತಟ್ಟೆಯೊಳಗೆ ನೀರು ನಿಲ್ಲಿಸಿ, ಉರಿಯನ್ನು ಇನ್ನೇನು ಆರಿಹೋಯಿತು ಅನ್ನುವಷ್ಟು ತಗ್ಗಿಸಬೇಕು. ಕಾಯಿ ತಾನೇ ಬಿಟ್ಟ ನೀರಿನ ಹಬೆಯಲ್ಲಿ ಒಂದೂವರೆ ತಾಸು ಬೆಂದು, ಹಸಿರನ್ನೆಲ್ಲ ಕಳೆದುಕೊಂಡು, ಒಣಗಿದ ಎಲೆಯ ಬಣ್ಣಕ್ಕೆ ತಿರುಗಿ, ನಾಲಿಗೆಯ ಮೇಲಿಟ್ಟರೆ ಹಲ್ಲಿನ ಹಂಗಿಲ್ಲದೆ ಕರಗಬೇಕು. ಅಷ್ಟು ಹೊತ್ತೂ ಮುಚ್ಚಳ ತೆಗೆಯುವಂತಿಲ್ಲ. "ತೆಗೆದು ನೋಡೋಳಿಗೆ ಅಡುಗೆ ಬರಲ್ಲ ಅಂತ ಅರ್ಥ. ಕಿವಿಗೊಟ್ಟು ಕೇಳು. ಮೊದಲು ನೀರು ಮಾತಾಡುತ್ತೆ. ನೀರಿನ ಮಾತು ಮುಗಿದು ಎಣ್ಣೆ ಮಾತು ಶುರುವಾದಾಗ ಇಳಿಸು." ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಹೇಳಿದ್ದ ಈ ಮಾತನ್ನು ಅಕ್ಕ ಅತ್ತೆಯದೇ ಮುಖಭಾವದಲ್ಲಿ, ಮೂಗು ಮೇಲೆತ್ತಿ ಒಪ್ಪಿಸುತ್ತಿದ್ದಳು.

ನಾನು ಅಜ್ಜಿ ಎನ್ನುತ್ತಿದ್ದ ಆ ಅತ್ತೆಗೆ ಎಂಬತ್ತು ದಾಟಿತ್ತು. ಬಾಯಲ್ಲಿ ಹಲ್ಲಿಲ್ಲ, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಧ್ವನಿಯೂ ಬಿದ್ದುಹೋಗಿದೆ ಎಂದೇ ಮಗಳೂ ಬೀದಿಯವರೂ ನಂಬಿದ್ದರು. ನನಗೂ ಅವಳ ತುಟಿ ಅಲುಗುವುದು ಕಾಣುತ್ತಿತ್ತೇ ಹೊರತು ಸದ್ದು ಕೇಳುತ್ತಿರಲಿಲ್ಲ. ಅಕ್ಕ ಮಾತ್ರ ನಡೆದು ಬರುತ್ತಲೇ ಅದಕ್ಕೆ ಉತ್ತರ ಕೊಡುತ್ತಿದ್ದಳು. "ಆಯ್ತು, ನಿಮ್ಮ ಮಗಳು ಭಾರೀ ಚೆಲುವೆ, ಒಪ್ಪಿದೆ." "ಅದೇನು ಹೊಸ ಬೈಗುಳ ಅತ್ತೆ, ಎಲ್ಲಿ ಕಲಿತ್ರಿ?"

ಒಂದು ಭಾನುವಾರ ನನ್ನ ಮೊಣಕೈ ತಗುಲಿ, ಕಟ್ಟೆಯ ಮೇಲೆ ಜೋಡಿಸಿಟ್ಟಿದ್ದ ಸ್ಟೀಲಿನ ತಟ್ಟೆಗಳೆಲ್ಲ ಒಟ್ಟಿಗೆ ನೆಲಕ್ಕುರುಳಿದವು. ಕಿವಿಗಡಚಿಕ್ಕುವ ಸದ್ದು. ಬೆನ್ನು ತಿರುಗಿಸಿ ನಿಂತಿದ್ದ ಅಕ್ಕ ಈರುಳ್ಳಿ ಹೆಚ್ಚುತ್ತಲೇ ಇದ್ದಳು. ಅವಳ ಹೆಗಲು ಸಹ ಅಲುಗಲಿಲ್ಲ. ಮಂಚದ ಕಡೆ ನೋಡಿದೆ. ಅಜ್ಜಿ ನನ್ನನ್ನೇ ದಿಟ್ಟಿಸುತ್ತಿದ್ದವಳು ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಏನೇನೋ ಹೇಳಿದಳು, ಸದ್ದಿಲ್ಲದೆ. ನಡೆಯುತ್ತ ಈ ಕಡೆ ಬಂದ ಅಕ್ಕ ಅದನ್ನು ಓದಿದಳು, ನೆಲದ ಮೇಲಿನ ತಟ್ಟೆಗಳನ್ನು ನೋಡಿದಳು, ನನ್ನ ಮುಖ ನೋಡಿದಳು.

"ಹೊರಗೆ ಬಾಯಿ ಬಿಟ್ರೆ ಮಾಲೀಕರಿಗೆ ಹೇಳಿ ನಿಮ್ಮ ಕೋಣೆ ಖಾಲಿ ಮಾಡಿಸ್ತಾರಂತೆ ಅತ್ತೆ," ಎಂದು ನಕ್ಕಳು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ಏಳು ವರ್ಷ ಆಯ್ತು ಮೇಷ್ಟ್ರೇ, ಪೂರ್ತಿ ಹೋಗಿ. ಮಿಲ್ಲಲ್ಲಿದ್ದಾಗಲೇ ಅರ್ಧ ಹೋಗಿತ್ತು. ನಾದಿನಿಗೆ ಗೊತ್ತಾದ್ರೆ ಅತ್ತೇನ ಕರ್ಕೊಂಡು ಹೋಗ್ತಾಳೆ. ಅವಳ ತಪ್ಪೂ ಅಲ್ಲ ಅದು. ಹಾಸಿಗೆ ಹಿಡಿದ ತಾಯಿನ ಕಿವುಡಿ ಹತ್ರ ಯಾರು ಬಿಡ್ತಾರೆ ಹೇಳಿ?"

ಆಗ ನನಗೆ ತಿಳಿಯಿತು, ಅಜ್ಜಿಯ ಧ್ವನಿ ಬಿದ್ದುಹೋಗಿರಲಿಲ್ಲ. ಕೇಳದ ಸೊಸೆಯ ಮುಂದೆ ಅದನ್ನು ಸುಮ್ಮನೆ ಖರ್ಚು ಮಾಡುವುದೇಕೆಂದು ಅವಳು ನಿಲ್ಲಿಸಿಬಿಟ್ಟಿದ್ದಳು. ಅಕ್ಕನ ಕೊನೆಯಿಲ್ಲದ ಆ ನಡಿಗೆಗೂ ಅಭ್ಯಾಸಬಲಕ್ಕಿಂತ ದೊಡ್ಡ ಕಾರಣವಿತ್ತು: ಅತ್ತೆಯ ಕರೆ ಕೇಳಬೇಕಾದರೆ ಅವಳು ಹೋಗಿ ಮುಖ ನೋಡಬೇಕಿತ್ತು. ಹುರುಳಿಕಾಯಿ ಬೇಯುವಾಗ ತಟ್ಟೆಯ ಅಂಚಿಗೆ ಬೆರಳು ಆನಿಸಿ ನಿಲ್ಲುತ್ತಿದ್ದುದೂ ಹಾಗೆಯೇ. ಪಾತ್ರೆಗೆ ತುಟಿಯಿಲ್ಲವಲ್ಲ. ಒಳಗೆ ನೀರಿರುವವರೆಗೆ ತೆಳು ತಳದ ಆ ಹಳೆಯ ಪಾತ್ರೆ ಮೈಯೆಲ್ಲ ನಡುಗುತ್ತಿತ್ತು, ಮೇಲಿನ ತಟ್ಟೆಯ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳೇಳುತ್ತಿದ್ದವು. ಒಳಗಿನ ನೀರು ಇಂಗಿದಾಗ ಆ ಬಳೆಗಳು ಒಂದೊಂದಾಗಿ ಅಳಿಸಿಹೋಗುತ್ತಿದ್ದವು. ಅತ್ತೆ ಕಿವಿಗೆ ಕಲಿಸಿದ್ದನ್ನು ಸೊಸೆ ಬೆರಳಿಗೂ ಕಣ್ಣಿಗೂ ತಾನೇ ಕಲಿಸಿಕೊಂಡಿದ್ದಳು. ಏಳು ವರ್ಷದಲ್ಲಿ ಒಮ್ಮೆಯೂ ತಳ ಹಿಡಿದಿರಲಿಲ್ಲ.

ನಾದಿನಿ ತಿಂಗಳಿಗೊಮ್ಮೆ ಬರುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ, ಮಾತು ಜಾಸ್ತಿ, ಮನಸ್ಸು ಮೆದು. ಬಂದಾಗಲೆಲ್ಲ ಏನಾದರೂ ತಂದೇ ತರುವಳು. ಆ ಭಾನುವಾರ ತಂದದ್ದು ಹೊಸ ಪಾತ್ರೆ: ಬೆರಳು ದಪ್ಪದ ತಳ, ಗುಮ್ಮಟದಂತೆ ಮೇಲೆದ್ದ ಭಾರದ ಮುಚ್ಚಳ, ಅದರ ನೆತ್ತಿಗೆ ಹಿಡಿಯಲೊಂದು ಕರೀ ಗುಬಟು.

"ಆ ಹಳೇ ತಪ್ಪಲೆ ಎಸೀರಿ ಅತ್ತಿಗೆ, ನೋಡಿದ್ರೆ ನನಗೇ ಹೊಟ್ಟೆ ಉರಿಯುತ್ತೆ. ಇದರಲ್ಲಿ ಮಾಡಿ ಇವತ್ತು. ತಳ ಹಿಡಿಯೋ ಮಾತೇ ಇಲ್ಲ ಅಂದ ಅಂಗಡಿಯವನು."

"ಇದರ ಮೇಲೆ ನೀರು ನಿಲ್ಲಲ್ವಲ್ಲೇ."

"ನೀರ್ಯಾಕೆ? ನಿಮ್ಮ ಕಾಲದಲ್ಲೇ ಇರ್ತೀರಲ್ಲ ನೀವಿಬ್ಬರೂ!"

ಬೇಡವೆನ್ನಲು ಅಕ್ಕನ ಹತ್ತಿರ ಹೇಳಬಹುದಾದ ಕಾರಣವಿರಲಿಲ್ಲ. ಹೊಸ ಪಾತ್ರೆ ಒಲೆಯ ಮೇಲೇರಿತು. ನಾದಿನಿ ತಾಯಿಯ ಕಾಲು ಒತ್ತುತ್ತ ಕೂತಿದ್ದರಿಂದ ಅಕ್ಕ ಅಂದು ನಡೆಯುತ್ತಿರಲಿಲ್ಲ. ಒಲೆಯ ಪಕ್ಕದ ಕಟ್ಟೆಗೆ ಮುಖ ಮಾಡಿ ನಿಂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಎರಡು ಸಲ ಆ ಮುಚ್ಚಳದ ಅಂಚಿಗೆ ಬೆರಳಿಟ್ಟು ನೋಡಿದಳು. ಅದು ಬಂಡೆಯ ಹಾಗೆ ಕೂತಿತ್ತು. ಮೊದಲ ಸಲವೂ ಅಷ್ಟೇ, ಎರಡನೆಯ ಸಲವೂ ಅಷ್ಟೇ. ತೆಗೆದು ನೋಡಬಹುದಿತ್ತು. ನಾದಿನಿಯ ಮುಂದೆ, ಅತ್ತೆಯ ಮುಂದೆ, ನಲವತ್ತು ವರ್ಷದ ಪಟ್ಟು ಬಿಟ್ಟುಕೊಡಲು ಕೈ ಬರಲಿಲ್ಲವೋ ಏನೋ, ತೆಗೆಯಲಿಲ್ಲ.

ಸದ್ದು ಮೊದಲು ಬಂತು, ವಾಸನೆಗೆ ಇನ್ನೂ ಹೊತ್ತಿತ್ತು. ಚುರುಚುರು ಎಂದದ್ದು ಚಟಪಟಕ್ಕೆ ತಿರುಗಿತು. ಎದ್ದುಹೋಗಿ ಅವಳ ಕಣ್ಣೆದುರು ನಿಂತಿದ್ದರೆ ಸಾಕಿತ್ತು. ಎದ್ದರೆ ಗುಟ್ಟು ರಟ್ಟಾಗುತ್ತದೋ ಏನೋ ಎಂದು ನಾನು ಕೆಂಪು ಪೆನ್ನು ಹಿಡಿದು ಒಂದು ಕ್ಷಣ ಅನುಮಾನಿಸಿದೆ. ಅಷ್ಟರಲ್ಲಿ ನಾದಿನಿ ಕೂಗಿದಳು.

"ಅತ್ತಿಗೆ, ಸೀಯ್ತಾ ಇದೆ!"

ಅಕ್ಕ ಕಲ್ಲು ಆರಿಸುತ್ತಿದ್ದಳು.

"ಅತ್ತಿಗೆ! ಅತ್ತಿಗೇ!"

ಮೂರನೆಯ ಕೂಗಿಗೆ ಎದುರುಮನೆಯ ಕಿಟಕಿ ತೆರೆಯಿತು. ನಾದಿನಿ ಮಂಚ ಬಿಟ್ಟು ಎದ್ದು ನಿಂತಳು, ಆ ಬೆನ್ನನ್ನೇ ನೋಡುತ್ತ. ಅವಳ ಮುಖದಲ್ಲಿ ಸಿಟ್ಟು ಇಳಿದು, ಆಶ್ಚರ್ಯ ಬಂದು, ಕೊನೆಗೆ ಹೆದರಿಕೆ ನಿಂತದ್ದನ್ನು ನಾನು ಕಂಡೆ. "ಇವರಿಗೆ ಕೇಳಿಸ್ತಾ ಇಲ್ಲ," ಎಂದಳು, ತನಗೆ ತಾನೇ ಅನ್ನುವಂತೆ. ಮತ್ತೆ ನನ್ನ ಕಡೆ ತಿರುಗಿ, "ಅಮ್ಮನಿಗೆ ಏನಾದ್ರೂ ಆಗಿ, ಆ ಬಿದ್ದುಹೋದ ಧ್ವನೀಲೇ ಕೂಗಿಕೊಂಡ್ರೆ ಏನು ಗತಿ ಮೇಷ್ಟ್ರೇ?"

ಆಗ ಅಜ್ಜಿ ಬಾಯಿ ತೆರೆದಳು. ಏಳು ವರ್ಷ ಬಳಸದ ಧ್ವನಿ ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟಿ ಹೊರಬಂತು. "ನಾನು ಯಾವತ್ತು ಕೂಗಿದೀನೇ? ಅವಳಿಗೆ ನಾನು ಕೂಗಬೇಕಾಗೇ ಇಲ್ಲ! ನನ್ನ ಇಲ್ಲೇ ಬಿಡು!"

ಮನೆಯಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತು, ಒಬ್ಬಳನ್ನು ಬಿಟ್ಟು. ಅವಳು ಆಗಷ್ಟೇ ಮೂಗಿಗೆ ಹೊಗೆ ತಾಗಿ, ಬೆಚ್ಚಿ, ಬರಿಗೈಯಲ್ಲಿ ಪಾತ್ರೆ ಇಳಿಸುತ್ತಿದ್ದಳು.

ಜಗಳವಾಗಲಿಲ್ಲ. ನಾದಿನಿ ಅತ್ತಿಗೆಯ ಸುಟ್ಟ ಬೆರಳಿಗೆ ಮುಲಾಮು ಹಚ್ಚಿ, ಕೈಹಿಡಿದು ಅತ್ತು, "ಒಂದು ಮಾತು ಹೇಳಬಾರದಿತ್ತಾ ಅತ್ತಿಗೆ?" ಎಂದಳು. ಮುಂದಿನ ಬುಧವಾರ ಬಾಡಿಗೆ ಕಾರು ತಂದು, ಅಜ್ಜಿ ಬೇಡವೆಂದು ಎಷ್ಟು ತಲೆಯಾಡಿಸಿದರೂ ಕೇಳದೆ, ತಾಯಿಯನ್ನು ಕರೆದುಕೊಂಡು ಹೋದಳು. ಅಜ್ಜಿ ಆ ಮೂರು ದಿನವೂ ಮತ್ತೆ ಧ್ವನಿ ತೆಗೆಯಲಿಲ್ಲ.

ಕಾರು ತಿರುವು ದಾಟಿದ ಮೇಲೆ ಅಕ್ಕ ನನ್ನನ್ನು ಕೇಳಿದಳು, "ಆವತ್ತು ಅತ್ತೆ ಏನೋ ಅಂದ್ರಂತೆ. ನಾನು ಒಲೆ ಕಡೆ ತಿರುಗಿದ್ದೆ."

ಅವಳ ಮುಖಕ್ಕೆ ನೇರವಾಗಿ ನಿಂತು, ಒಂದಕ್ಷರ ಬಿಡದೆ ಹೇಳಿದೆ.

"ಜೋರಾಗಿ ಹೇಳಿದ್ರಾ?"

"ಜೋರಾಗೇ."

"ಧ್ವನಿ ಹೇಗಿತ್ತು?"

"ಗಡುಸಾಗಿತ್ತು," ಎಂದೆ.

"ಅದೇ. ನನ್ನ ಮದುವೆಯಾದ ಹೊಸದರಲ್ಲಿ ಹಾಗೇ ಇತ್ತು," ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಭಾನುವಾರಗಳಲ್ಲಿ ಅವಳು ಡಬ್ಬಿಯಲ್ಲಿ ಪಲ್ಯ ತುಂಬಿಕೊಂಡು ಎರಡು ಬಸ್ಸು ಬದಲಾಯಿಸಿ ನಾದಿನಿಯ ಮನೆಗೆ ಹೋಗುತ್ತಿದ್ದಳು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಗಾಳಿ ಬೆಳಕಿನ ಕೋಣೆ, ಒಗೆದ ಹೊದಿಕೆ, ತಲೆದೆಸೆಯಲ್ಲಿ ಒತ್ತಿದರೆ ಮನೆಯೆಲ್ಲ ಮೊಳಗುವ ಕರೆಗಂಟೆ, ಯಾವುದಕ್ಕೂ ಕೊರತೆಯಿರಲಿಲ್ಲ. ಗಂಟೆಯನ್ನು ಅಜ್ಜಿ ಒಮ್ಮೆಯೂ ಒತ್ತಿರಲಿಲ್ಲವಂತೆ. "ನಮ್ಮ ಹತ್ರ ಮಾತೇ ಇಲ್ಲ. ದಿನವಿಡೀ ತುಟಿ ಅಲುಗಿಸ್ತಾ ಇರ್ತಾರೆ, ಪ್ರಾರ್ಥನೆ ಇರಬೇಕು," ಎಂದಳು ನಾದಿನಿ. ಅಕ್ಕ ಮಂಚದೆದುರು ಕುರ್ಚಿ ಎಳೆದು ಕೂತು, ಒಂದು ತಾಸು ಆ ತುಟಿಗಳನ್ನು ಓದಿದಳು. ಪಲ್ಯಕ್ಕೆ ಉಪ್ಪು ಕಮ್ಮಿ, ಈ ಮನೆಯ ಅಳಿಯನ ಗೊರಕೆಗೆ ಗೋಡೆ ಬಿರುಕು ಬಿಟ್ಟಿದೆ, ನೀನು ಯಾಕೆ ಇಷ್ಟು ಸೊರಗಿದೀಯ, ನನ್ನನ್ನು ಯಾವಾಗ ಕರೆದುಕೊಂಡು ಹೋಗ್ತೀಯ: ಬಸ್ಸಿನಲ್ಲಿ ನನಗೆ ಅಷ್ಟನ್ನೂ ಹೇಳಿದಳು. ಕೊನೆಯದಕ್ಕೆ ಏನು ಉತ್ತರ ಕೊಟ್ಟಳೆಂದು ನಾನು ಕೇಳಲಿಲ್ಲ.

ಐದನೆಯ ತಿಂಗಳಲ್ಲಿ ಅಜ್ಜಿ ತೀರಿಕೊಂಡಳು. ಬಂದವರಿಗೆಲ್ಲ ನಾದಿನಿ ಕಣ್ಣೊರೆಸಿಕೊಳ್ಳುತ್ತ, "ಕೊನೇ ಉಸಿರಿನವರೆಗೂ ಪ್ರಾರ್ಥನೆ ಮಾಡ್ತಾನೇ ಇದ್ರು," ಎನ್ನುತ್ತಿದ್ದಳು. ಅಕ್ಕ ಅವಳ ತುಟಿಗಳಿಂದ ಆ ಮಾತನ್ನು ಓದಿ, ಹೌದೆಂಬಂತೆ ತಲೆಯಾಡಿಸಿದಳು.

ಇಂಥವರನ್ನು ಆಮೇಲೆ ನಾನು ಬೇರೆ ಬೇರೆ ಕಸುಬುಗಳಲ್ಲಿ ಕಂಡಿದ್ದೇನೆ: ಕಣ್ಣು ಮಸುಕಾದರೂ ಉಗುರಿನಿಂದ ಹೊಲಿಗೆಯ ಗೆರೆ ಹಿಡಿಯುವ ದರ್ಜಿ, ನಡುಗುವ ಕೈಯನ್ನು ಗಿರಾಕಿಯ ಹೆಗಲಿಗೆ ಆನಿಸಿ ಕತ್ತರಿಯಾಡಿಸುವ ಕ್ಷೌರಿಕ. ದುಡಿಮೆ ತಮ್ಮಿಂದ ಕಿತ್ತುಕೊಂಡದ್ದನ್ನು ಅವರು ತಾವೇ ಕದ್ದ ಮಾಲಿನಂತೆ ಬಚ್ಚಿಡುತ್ತಾರೆ. ಉಳಿದುದರಲ್ಲೇ ಒಪ್ಪವಾಗಿ ಬದುಕನ್ನು ಮತ್ತೆ ಹೊಂದಿಸಿಕೊಂಡು, ಯಾರ ಮೇಲೂ ಭಾರ ಹಾಕದೆ, ಇನ್ನೊಬ್ಬರ ಭಾರವನ್ನೂ ಹೊರುತ್ತಾರೆ. ಆ ಹೊಂದಾಣಿಕೆ ಎಷ್ಟು ನವಿರಾದುದೆಂದರೆ, ಅದನ್ನು ಕೆಡಿಸಲು ಹಗೆಯವರು ಬೇಕಿಲ್ಲ, ಒಳ್ಳೆಯ ಮನಸ್ಸಿನಿಂದ ಚಾಚಿದ ಒಂದು ಕೈ ತಗುಲಿದರೆ ಸಾಕು. ಕೇಡು ಬಯಸಿದವರು ಅಲ್ಲಿ ಯಾರೂ ಇರುವುದಿಲ್ಲ. ಹಾಗಾಗಿ ಎಲ್ಲ ಕಳೆದುಕೊಂಡ ಮೇಲೆ, ಸಿಟ್ಟು ಮಾಡಿಕೊಳ್ಳುವುದಕ್ಕೂ ಅವರಿಗೆ ಯಾರೂ ಸಿಗುವುದಿಲ್ಲ.